ಸೀಮೆಎಣ್ಣೆ ಔಟ್‌ಬೋರ್ಡ್: ಅರ್ಧದವರೆಗೆ ಸರಿ, ಫುಲ್ ಕೊಟ್ಟರೆ ಎಳೆಯುವುದಿಲ್ಲ

ಗಂಗೊಳ್ಳಿ ಅಳಿವೆ:

ದೋಣಿಯ ಹಿಂಬದಿಗೆ ತಗುಲಿಸುವ ಔಟ್‌ಬೋರ್ಡ್ ಇಂಜಿನ್, 9.9 ಎಚ್‌ಪಿ, ಎರಡು ಸ್ಟ್ರೋಕ್, ಎರಡು ಸಿಲಿಂಡರ್, ಒಂದೇ ಕಾರ್ಬುರೇಟರ್. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು. ಫೈಬರ್ ದೋಣಿ, ಕಂತಬಲೆಯದ್ದು.

ಎರಡನೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ. ಐಡಲ್ ಚೆನ್ನಾಗಿದೆ. ಅರ್ಧ ಥ್ರಾಟಲ್‌ವರೆಗೆ (ವೇಗದ ಹಿಡಿ ಅರ್ಧ ತಿರುಗಿಸುವವರೆಗೆ) ಏನೂ ತೊಂದರೆ ಇಲ್ಲ. ಮುಕ್ಕಾಲು ದಾಟಿದ ಮೇಲೆ ಹಿಡಿ ಎಷ್ಟು ತಿರುಗಿಸಿದರೂ ವೇಗ ಏರುವುದಿಲ್ಲ. ಫುಲ್‌ನಲ್ಲೇ ಬಿಟ್ಟರೆ ಒಂದೂವರೆ ನಿಮಿಷಕ್ಕೆ ಸ್ವರ ಇಳಿದು, ಅರ್ಧ ಥ್ರಾಟಲ್ ವೇಗಕ್ಕೆ ಬಂದು ಅಲ್ಲೇ ಉಳಿಯುತ್ತದೆ. ಪ್ಲಗ್ ಎರಡೂ ಹೊಸದು. ಕಾರ್ಬುರೇಟರ್ ಬಿಚ್ಚಿ ತೊಳೆದಾಯಿತು, ಆಮೇಲೂ ಹಾಗೇ. ಮೇನ್ ಜೆಟ್ (ಕಾರ್ಬುರೇಟರಿನಲ್ಲಿ ಇಂಧನ ಹಾಯುವ ಸಣ್ಣ ತೂತಿನ ಬಿಡಿಭಾಗ) ಒಂದು ನಂಬರ್ ದೊಡ್ಡದು ಹಾಕಿ ಎನ್ನುತ್ತಿದ್ದಾರೆ. ಹಾಕಬಹುದೇ?

ಜೂನ್ 1ರಿಂದ ಜುಲೈ 31ರ ನಿಷೇಧದಲ್ಲಿ 10 ಎಚ್‌ಪಿ ಒಳಗಿನ ನಾಡದೋಣಿಗಷ್ಟೇ ಕಡಲಿಗಿಳಿಯಲು ಬಿಡುವುದು. ಆ ದಿನಗಳಲ್ಲಿ ಅಳಿವೆ ದಾಟುವಾಗ ಇಂಜಿನ್ ಹೀಗೆ ಕೈಕೊಟ್ಟರೆ ಕಷ್ಟ. ಅದಕ್ಕೆ ಮೊದಲು ಸರಿಯಾಗಬೇಕು.

ಮಲ್ಪೆ ಬಂದರು:

ಜೆಟ್ ಮುಟ್ಟಬೇಡಿ ಅಣ್ಣಾ. ಅದಕ್ಕಿಂತ ಮೊದಲು, ಕಾರಣ ಗೊತ್ತಾಗುವವರೆಗೆ ಫುಲ್ ಥ್ರಾಟಲ್‌ನಲ್ಲಿ ಓಡಿಸುವುದನ್ನು ನಿಲ್ಲಿಸಿ. ಈ ಇಂಜಿನ್‌ಗೆ ಆಯಿಲ್ ಬರುವುದು ಇಂಧನದ ಜೊತೆಯಲ್ಲೇ. ಸೀಮೆಎಣ್ಣೆ ಸಾಲದೆ ಸ್ವರ ಇಳಿಯುತ್ತಿದ್ದರೆ ಆಯಿಲೂ ಸಾಲುತ್ತಿಲ್ಲ ಎಂದೇ ಅರ್ಥ. ಮಿಶ್ರಣ ತೆಳುವಾಗಿ (ಗಾಳಿ ಹೆಚ್ಚು, ಇಂಧನ ಕಡಿಮೆ) ಪಿಸ್ಟನ್ ತಲೆ ಕಾಯುತ್ತದೆ, ಗೋಡೆಗೆ ಆಯಿಲ್ ಇಲ್ಲದೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. 'ಎಳೆಯುತ್ತಿಲ್ಲ' ಎಂದು ಹಿಡಿಯನ್ನು ಇನ್ನೂ ತಿರುಗಿಸಿ ಇಟ್ಟಾಗಲೇ ಹೆಚ್ಚಿನ ಪಿಸ್ಟನ್‌ಗಳು ಹೋಗುವುದು.

ಮೊದಲು ಗೊತ್ತಾಗಬೇಕಾದ್ದು ಒಂದೇ: ಫುಲ್ ಕೊಟ್ಟಾಗ ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಏರುತ್ತದೋ, ಇಳಿಯುತ್ತದೋ? ಇಂಜಿನ್ ಕೂಗುತ್ತಾ ಏರಿದರೂ ದೋಣಿ ಮುಂದೆ ಹೋಗದಿದ್ದರೆ ದೋಷ ಫ್ಯಾನಿನಲ್ಲಿ, ಅಂದರೆ ನೀರೊಳಗೆ ತಿರುಗುವ ಪ್ರೊಪೆಲ್ಲರಿನಲ್ಲಿ. ಒಳಗಿನ ರಬ್ಬರ್ ಬುಷ್ ಜಾರುತ್ತಿರಬಹುದು, ಎಲೆ ಬಾಗಿರಬಹುದು, ಇಂಜಿನ್ ಎತ್ತರಕ್ಕೆ ಕೂತು ಫ್ಯಾನ್ ಗಾಳಿ ಎಳೆಯುತ್ತಿರಬಹುದು. ಬುಷ್ ನೋಡುವುದು ಸುಲಭ. ನಡುವಿನ ಲೋಹದಿಂದ ಹೊರಗಿನ ಫ್ಯಾನ್‌ವರೆಗೆ ಪೇಂಟಿನಲ್ಲಿ ಒಂದು ನೇರ ಗೆರೆ ಎಳೆದು ಓಡಿಸಿ ಬನ್ನಿ. ಗೆರೆ ತುಂಡಾಗಿ ಪಕ್ಕಕ್ಕೆ ಸರಿದಿದ್ದರೆ ಬುಷ್ ಹೋಗಿದೆ. ನಿಮ್ಮದು ಸ್ವರ ಇಳಿಯುವ ಕೇಸ್, ಹಾಗಾಗಿ ನನ್ನ ಕಣ್ಣು ಇಂಧನದ ಮೇಲಿದೆ. ಆದರೂ ಕಿವಿ ನಂಬಬೇಡಿ. ಪ್ಲಗ್ ವೈರ್‌ಗೆ ತಂತಿ ಸುತ್ತಿದರೆ ಓದುವ ಸಣ್ಣ ಟ್ಯಾಕೋಮೀಟರ್ ಹಾಕಿ. ಐಡಲ್‌ನಲ್ಲಿ 1000ದ ಆಸುಪಾಸು ತೋರಿಸಬೇಕು. 2000 ತೋರಿಸಿದರೆ ಅದು ಸುತ್ತಿಗೆ ಎರಡು ಕಿಡಿ ಎಣಿಸುತ್ತಿದೆ, ಸೆಟ್ಟಿಂಗ್ ಬದಲಿಸಿ. ಈ ಅಳತೆಯ ಇಂಜಿನ್ ಫುಲ್‌ನಲ್ಲಿ ಸಾಮಾನ್ಯವಾಗಿ 4500ರಿಂದ 5500ರ ನಡುವೆ ತಿರುಗಬೇಕು.

ಇಂಜಿನ್ ನಿಲ್ಲಿಸಿ ಕವರ್ ತೆಗೆದು ಇನ್ನೆರಡು ನೋಡಿ. ಹಿಡಿ ಪೂರ್ತಿ ತಿರುಗಿಸಿದಾಗ ಕಾರ್ಬುರೇಟರ್ ಒಳಗಿನ ತಟ್ಟೆ ಪೂರ್ತಿ ತೆರೆಯುತ್ತದೆಯೇ? ಫ್ಲೈವೀಲ್ ಕೆಳಗಿನ ಮ್ಯಾಗ್ನೆಟೋ ಪ್ಲೇಟ್ ಹಿಡಿಯ ಜೊತೆಯಲ್ಲೇ ತಿರುಗುವ ಮಾದರಿಯಾದರೆ ಅದರ ಲಿಂಕ್ ಕಳಚಿಲ್ಲ ತಾನೇ? ಲಿಂಕ್ ಕಳಚಿದರೆ ಕಿಡಿ ಮುಂದಕ್ಕೆ ಸರಿಯುವುದಿಲ್ಲ, ಅಂದರೆ ವೇಗ ಏರಿದಂತೆ ಬೇಗ ಹೊತ್ತುವುದಿಲ್ಲ. ಐಡಲ್ ಸರಿ, ಮೇಲೆ ಮಾತ್ರ ಸತ್ತಂತೆ. ಥೇಟ್ ನಿಮ್ಮ ಲಕ್ಷಣವೇ.

ಆಮೇಲೆ ನೀರಿನಲ್ಲಿ ಎರಡು ಪರೀಕ್ಷೆ. ಇಬ್ಬರಿರಬೇಕು, ಹೊಳೆಯ ಒಳಗೇ ಮಾಡಿ, ಅಳಿವೆ ಕಡೆ ಬೇಡ.

ಒಂದು: ಸೀಮೆಎಣ್ಣೆಗೆ ತಿರುಗಿಸದೆ ಪೆಟ್ರೋಲಿನಲ್ಲೇ ಎರಡು ನಿಮಿಷ ಫುಲ್ ಕೊಡಿ. ಸ್ಟಾರ್ಟ್ ಮಾಡುವ ಪೆಟ್ರೋಲಿಗೂ ಟೂ-ಟಿ (ಎರಡು ಸ್ಟ್ರೋಕ್ ಇಂಜಿನ್ನಿನ) ಆಯಿಲ್ ಬೆರೆತಿರಲೇಬೇಕು, ಇದನ್ನು ಮರೆಯುವವರಿದ್ದಾರೆ. ಪೆಟ್ರೋಲಿನಲ್ಲಿ ಎಳೆದರೆ ಕಿಡಿ, ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ), ಮೇನ್ ಜೆಟ್, ಫ್ಯಾನ್ ಇಷ್ಟರ ಮೇಲಿನ ಅನುಮಾನ ಒಮ್ಮೆಗೇ ಹೋಗುತ್ತದೆ.

ಎರಡು: ಸೀಮೆಎಣ್ಣೆಯಲ್ಲಿ ಸ್ವರ ಇಳಿಯಲು ಶುರುವಾದ ಕೂಡಲೇ ಒಬ್ಬರು ಪೈಪಿನ ರಬ್ಬರ್ ಬಲ್ಬ್ ಒತ್ತುತ್ತಾ ಇರಲಿ. ಒತ್ತುವ ಮೊದಲು ಬಲ್ಬ್ ಹೇಗಿದೆ ನೋಡಿ: ಗಟ್ಟಿ, ಮೆತ್ತಗೆ, ಅಥವಾ ಚಪ್ಪಟೆ. ಈ ಮೂರಕ್ಕೂ ಮೂರು ಬೇರೆ ಕಾರಣ.

ಗಂಗೊಳ್ಳಿ ಅಳಿವೆ:

ಲಿಂಕ್, ತಟ್ಟೆ ಎರಡೂ ಸರಿ ಇವೆ. ಪೇಂಟ್ ಗೆರೆ ಸರಿದಿಲ್ಲ.

ಪೆಟ್ರೋಲಿನಲ್ಲಿ 5200, ಎರಡು ನಿಮಿಷವೂ ಇಳಿಯಲಿಲ್ಲ. ಸೀಮೆಎಣ್ಣೆಯಲ್ಲಿ 4700ಕ್ಕೆ ಹೋಗಿ, ಒಂದೂವರೆ ನಿಮಿಷಕ್ಕೆ 3900. ಆಗ ಬಲ್ಬ್ ಚಪ್ಪಟೆಯಾಗಿ ಒಳಗೆ ಹೀರಿಕೊಂಡಿತ್ತು. ಒತ್ತಿದರೆ 4600ಕ್ಕೆ ಬಂದು ಮತ್ತೆ ಇಳಿಯಿತು. ಸೀಮೆಎಣ್ಣೆ ಕ್ಯಾನಿನ ಮುಚ್ಚಳದ ಗಾಳಿ ಸ್ಕ್ರೂ ತೆರೆದೇ ಇತ್ತು.

ಮಲ್ಪೆ ಬಂದರು:

ಚಪ್ಪಟೆ ಎಂದರೆ ಇಂಜಿನ್ ಪಂಪ್ ಎಳೆಯುತ್ತಿದೆ, ಆದರೆ ಕ್ಯಾನ್ ಕಡೆಯಿಂದ ಬರುತ್ತಿಲ್ಲ. ತಡೆ ಇರುವುದು ಕ್ಯಾನ್ ಮತ್ತು ಬಲ್ಬ್ ನಡುವೆ. (ಮೆತ್ತಗಿದ್ದು ಒತ್ತಿದಾಗ ಚೇತರಿಸಿಕೊಂಡಿದ್ದರೆ ಎಲ್ಲೋ ಗಾಳಿ ಸೇರುತ್ತಿದೆ ಅಥವಾ ಇಂಜಿನ್ ಪಂಪಿನ ಡಯಾಫ್ರಮ್ ಹರಿದಿದೆ. ಗಟ್ಟಿಯಾಗಿಯೇ ಇದ್ದು ಶಕ್ತಿ ಇಳಿದಿದ್ದರೆ ತಡೆ ಬಲ್ಬಿನ ಆಚೆ, ಫಿಲ್ಟರ್ ಅಥವಾ ಕಾರ್ಬುರೇಟರ್ ಕಡೆ.)

ಅರ್ಧ ಥ್ರಾಟಲ್‌ವರೆಗೆ ಸರಿ ಇರುವುದಕ್ಕೂ ಇದೇ ಕಾರಣ. ಐಡಲ್‌ನಲ್ಲಿ ಇದು ಗಂಟೆಗೆ ಒಂದು ಲೀಟರೂ ಕುಡಿಯುವುದಿಲ್ಲ, ಫುಲ್‌ನಲ್ಲಿ ಸುಮಾರು 4–5 ಲೀಟರ್ ಬೇಕು. ಅರ್ಧ ಮುಚ್ಚಿದ ದಾರಿ ಒಂದಕ್ಕೆ ಸಾಕು, ಇನ್ನೊಂದಕ್ಕೆ ಸಾಲದು. ಕಾರ್ಬುರೇಟರ್ ಬಟ್ಟಲಲ್ಲಿ ಇರುವುದು ಮುಗಿಯುವವರೆಗೆ ಎಳೆಯುತ್ತದೆ, ಆಮೇಲೆ ಬೀಳುತ್ತದೆ.

ಮುಚ್ಚಳ ಪೂರ್ತಿ ಸಡಿಲಿಸಿ ಇನ್ನೊಮ್ಮೆ ಓಡಿಸಿ. ಗಾಳಿ ಸ್ಕ್ರೂ ತಿರುಗಿದರೂ ಅದರ ತೂತು ಉಪ್ಪು ಕಟ್ಟಿ ಮುಚ್ಚಿರುವುದುಂಟು. ಅದಲ್ಲವಾದರೆ ಕ್ಯಾನಿನೊಳಗಿನ ಹೀರುಕೊಳವೆ ಹೊರಗೆ ತೆಗೆದು ತುದಿಯ ಜಾಲರಿ ನೋಡಿ. ಅದೂ ಸರಿಯಿದ್ದರೆ ಪೈಪನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ. ಹಳೆಯ ಪೈಪಿನ ಒಳಪದರ ಬಿಟ್ಟುಕೊಂಡು ನಾಲಿಗೆಯಂತೆ ನೇತಾಡುತ್ತದೆ. ನಿಧಾನವಾಗಿ ಹರಿದರೆ ಸುಮ್ಮನಿರುತ್ತದೆ, ಜೋರಾಗಿ ಎಳೆದರೆ ಬಂದು ಬಾಯಿ ಮುಚ್ಚುತ್ತದೆ. ಹೊರಗಿನಿಂದ ಎಷ್ಟು ನೋಡಿದರೂ, ಊದಿದರೂ ಸಿಗುವುದಿಲ್ಲ.

ಹೊಸದು ಹಾಕುವಾಗ ಇಂಧನದ ಪೈಪೇ ಬೇಕು, ಹಳೆಯದರ ಒಳವ್ಯಾಸದ್ದೇ. ತೋಟಕ್ಕೆ ಹಾಕುವ ಪ್ಲಾಸ್ಟಿಕ್ ಪೈಪ್ ಸೀಮೆಎಣ್ಣೆಗೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಬಲ್ಬ್ ಮೇಲಿನ ಬಾಣ ಇಂಜಿನ್ ಕಡೆಗಿರಲಿ.

ಗಂಗೊಳ್ಳಿ ಅಳಿವೆ:

ಸಿಕ್ಕಿತು! ಜಾಲರಿಯಲ್ಲಿ ಕಂದು ಲೋಳೆ ಸ್ವಲ್ಪವಿತ್ತು, ಆದರೆ ಮುಖ್ಯ ದೋಷ ಪೈಪಿನದೇ. ಕ್ಯಾನಿನ ತುದಿಯಿಂದ ಒಂದು ಗೇಣು ದೂರದಲ್ಲಿ ಒಳಪದರ ಎರಡು ಇಂಚು ಎದ್ದಿತ್ತು. ಪೈಪ್, ಬಲ್ಬ್, ಕ್ಲಿಪ್ ಎಲ್ಲ ಹೊಸದು ಹಾಕಿದೆ. ಈಗ ಬಲ್ಬ್ ಚಪ್ಪಟೆಯಾಗುತ್ತಿಲ್ಲ, ಸ್ವರ ಇಳಿಯುತ್ತಿಲ್ಲ. ಆದರೆ ಸೀಮೆಎಣ್ಣೆಯಲ್ಲಿ 4600 ದಾಟುವುದಿಲ್ಲ. ಪ್ಲಗ್ ತೆಗೆದರೆ ಎರಡೂ ಒದ್ದೆ, ಕಪ್ಪು. ಈಗಲಾದರೂ ಜೆಟ್ ಬದಲಿಸಬೇಕೇ?

ಶರಾವತಿ ತೀರ:

ಈಗಂತೂ ಬೇಡವೇ ಬೇಡ. ಒದ್ದೆ ಕಪ್ಪು ಪ್ಲಗ್ ಎಂದರೆ ಇಂಧನ ಬರುತ್ತಿದೆ, ಉರಿಯುತ್ತಿಲ್ಲ. ದೊಡ್ಡ ಜೆಟ್ ಹಾಕಿದರೆ ಇನ್ನಷ್ಟು ಒದ್ದೆಯಾಗುತ್ತದೆ. ಪೆಟ್ರೋಲಿಗಿಂತ ಸೀಮೆಎಣ್ಣೆಯಲ್ಲಿ ಶಕ್ತಿ ಸ್ವಲ್ಪ ಕಡಿಮೆ ಇರುವುದು ಸಹಜ. ಆದರೆ 600 ಆರ್‌ಪಿಎಂ ವ್ಯತ್ಯಾಸ ಜಾಸ್ತಿಯಾಯಿತು.

ಮಲ್ಪೆಯವರು ಹೇಳಿದ್ದೆಲ್ಲ ಸರಿ, ಒಂದನ್ನು ಮಾತ್ರ ನಾನು ಒಪ್ಪುವುದಿಲ್ಲ. ಎರಡು ನಿಮಿಷ ಪೆಟ್ರೋಲಿನಲ್ಲಿ ಎಳೆದ ಮಾತ್ರಕ್ಕೆ ಕಂಪ್ರೆಷನ್ ಮೇಲಿನ ಅನುಮಾನ ಬಿಡಬಾರದು. ಇಂಧನ ಸಾಲದೆ ಎಷ್ಟೋ ದಿನ ಓಡಿದ ಇಂಜಿನ್ ಇದು. ಬಿಸಿ ಇರುವಾಗಲೇ ಪ್ಲಗ್ ಎರಡೂ ತೆಗೆದು, ವೈರ್‌ಗಳನ್ನು ಇಂಜಿನ್ ಲೋಹಕ್ಕೆ ಅರ್ಥ್ ಕೊಟ್ಟು, ಥ್ರಾಟಲ್ ಪೂರ್ತಿ ತೆರೆದು, ಗೇಜ್ ಹಾಕಿ ಐದು ಸಲ ಎಳೆಯಿರಿ. ಸೀಮೆಎಣ್ಣೆ ಇಂಜಿನ್‌ನಲ್ಲಿ ಅಂಕಿ ಕಡಿಮೆಯೇ ಇರುತ್ತದೆ, ಪೆಟ್ರೋಲ್ ಇಂಜಿನ್‌ಗೆ ಹೋಲಿಸಿ ಹೆದರಬೇಡಿ. ಎರಡು ಸಿಲಿಂಡರ್ ನಡುವಿನ ವ್ಯತ್ಯಾಸ ಶೇ. 10 ದಾಟಬಾರದು. ಪ್ಲಗ್ ತುದಿಯ ಬಿಳಿ ಪಿಂಗಾಣಿಯ ಮೇಲೆ ಬೆಳ್ಳಿಯಂಥ ಸಣ್ಣ ಚುಕ್ಕೆ ಕಂಡರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಹಾಗಿದ್ದರೆ ಮುಂದೆ ಓಡಿಸದೆ ಹೆಡ್ ಬಿಚ್ಚಿಸಿ.

ಅಂಕಿ ಸರಿಯಿದ್ದರೆ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ತಂಪು ಮಾಡುವ ನೀರನ್ನು ತಡೆಯುವ ಕವಾಟ) ನೋಡಿ. ಸೀಮೆಎಣ್ಣೆ ಆವಿಯಾಗಲು ಇಂಜಿನ್ ಬಿಸಿ ಬೇಕು. ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿದ್ದರೆ ಅಥವಾ 'ಇಂಜಿನ್ ತಂಪಾಗಿರಲಿ' ಎಂದು ಯಾರೋ ತೆಗೆದುಹಾಕಿದ್ದರೆ ತಣ್ಣನೆಯ ಸಮುದ್ರದ ನೀರು ಸದಾ ಹರಿಯುತ್ತದೆ. ಸೀಮೆಎಣ್ಣೆ ಹನಿಯಾಗಿಯೇ ಒಳಗೆ ಹೋಗುತ್ತದೆ, ಅರ್ಧ ಉರಿದು ಮಸಿಯಾಗುತ್ತದೆ. ಆ ಮಸಿ ಪಿಸ್ಟನ್ ರಿಂಗುಗಳನ್ನು ಹಿಡಿಸುತ್ತದೆ, ಹೊಗೆ ಹೋಗುವ ಬಾಯಿಯನ್ನು ಕಿರಿದಾಗಿಸುತ್ತದೆ. ಪೆಟ್ರೋಲ್ ತಣ್ಣಗಿದ್ದರೂ ಆವಿಯಾಗುತ್ತದೆ, ಅದಕ್ಕೇ ಅದರಲ್ಲಿ ದೋಷ ಕಾಣಲಿಲ್ಲ. ಥರ್ಮೋಸ್ಟಾಟ್ ಇದ್ದರೆ ದಾರಕ್ಕೆ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಿ. ಅದರ ಮೇಲೆ ಕೊರೆದಿರುವ ಡಿಗ್ರಿಗೆ ತೆರೆಯಲು ಶುರುವಾಗಬೇಕು, ಆರಿದ ಮೇಲೆ ಪೂರ್ತಿ ಮುಚ್ಚಬೇಕು.

ಆಯಿಲ್ ಯಾವುದು, ಎಷ್ಟು? ಬೈಕಿನ ಟೂ-ಟಿ ಬೇಡ, ಟಿಸಿ-ಡಬ್ಲ್ಯು3 (ಔಟ್‌ಬೋರ್ಡ್ ಇಂಜಿನ್‌ಗಳ ಆಯಿಲ್ ದರ್ಜೆ) ಎಂದು ಬರೆದಿರುವುದೇ ಬೇಕು. ಬೈಕಿನದ್ದರಲ್ಲಿ ಬೂದಿ ಉಳಿದು ಪ್ಲಗ್, ಹೊಗೆ ಹೋಗುವ ಬಾಯಿ ಎರಡನ್ನೂ ಕೆಡಿಸುತ್ತದೆ. ಅಳತೆ ಮ್ಯಾನುಯಲ್ ಹೇಳಿದಷ್ಟು. 50ಕ್ಕೆ 1 ಎಂದರೆ ಲೀಟರಿಗೆ 20 ಮಿ.ಲೀ., 25ಕ್ಕೆ 1 ಎಂದರೆ 40 ಮಿ.ಲೀ.

ಸೀಮೆಎಣ್ಣೆಯನ್ನೂ ಒಮ್ಮೆ ಪಾರದರ್ಶಕ ಬಾಟಲಿಯಲ್ಲಿ ಅರ್ಧ ಗಂಟೆ ಇಟ್ಟು ನೋಡಿ. ನೀರಿದ್ದರೆ ತಳದಲ್ಲಿ ಗೆರೆ ಕಾಣುತ್ತದೆ.

ಗಂಗೊಳ್ಳಿ ಅಳಿವೆ:

ಕಂಪ್ರೆಷನ್ ಮೇಲಿನದು 84, ಕೆಳಗಿನದು 80 ಪಿಎಸ್‌ಐ. ಚುಕ್ಕೆ ಇಲ್ಲ, ಬಾಟಲಿಯಲ್ಲಿ ನೀರೂ ಇಲ್ಲ. ಥರ್ಮೋಸ್ಟಾಟ್ ಕವರ್ ಬಿಚ್ಚಿದರೆ ಒಳಗೆ ಖಾಲಿ! ಹೊಸದು, ಹೊಸ ಗ್ಯಾಸ್ಕೆಟ್ ಹಾಕಿದೆ. ಪ್ಲಗ್ ಒರೆಸಿ ಹಾಕಿ, ಪೆಟ್ರೋಲಿನಲ್ಲಿ ಐದು ನಿಮಿಷ ಬಿಸಿ ಮಾಡಿ ತಿರುಗಿಸಿದೆ. ಸೀಮೆಎಣ್ಣೆಯಲ್ಲಿ 4950, ಹದಿನೈದು ನಿಮಿಷ ಅಲ್ಲಾಡಲಿಲ್ಲ. ಪ್ಲಗ್ ಈಗ ಕಂದು ಬಣ್ಣ. ಇಬ್ಬರಿಗೂ ತುಂಬಾ ಉಪಕಾರವಾಯಿತು.

ಇನ್ನೊಂದು: ಫ್ಯಾನ್ ತೆಗೆದಾಗ ಹಿಂದೆ ಬಲೆಯ ನೂಲು ಸುತ್ತಿಕೊಂಡಿತ್ತು. ಕಿತ್ತು ತೆಗೆದೆ. ಪರವಾಗಿಲ್ಲವೇ?

ಶರಾವತಿ ತೀರ:

ಪರವಾಗಿಲ್ಲ ಎಂದು ಬಿಡಬೇಡಿ. ನೈಲಾನ್ ನೂಲು ಶಾಫ್ಟಿನ ಸೀಲನ್ನು ಕೊಯ್ಯುತ್ತದೆ. ಗೇರ್ ಭಾಗದ ಕೆಳಗಿನ ಸ್ಕ್ರೂ ಸ್ವಲ್ಪ ಸಡಿಲಿಸಿ. ಮೊದಲು ನೀರು ಬಂದರೆ ಅಥವಾ ಆಯಿಲ್ ಹಾಲಿನಂತಿದ್ದರೆ ಸೀಲ್ ಹೋಗಿದೆ, ಬದಲಿಸದೆ ನೀರಿಗಿಳಿಸಬೇಡಿ. ಆಯಿಲ್ ಸ್ವಚ್ಛವಾಗಿದ್ದರೂ ಹೇಗೂ ಬಿಚ್ಚಿದ್ದೀರಿ, ಹೊಸ ಎಸ್‌ಎಇ 90 ಗೇರ್ ಆಯಿಲ್ ತುಂಬಿಬಿಡಿ. ತುಂಬುವುದು ಕೆಳಗಿನ ತೂತಿನಿಂದ, ಮೇಲಿನದರಲ್ಲಿ ಗುಳ್ಳೆ ಇಲ್ಲದೆ ಹೊರಬರುವವರೆಗೆ. ಮೊದಲು ಮೇಲಿನ ಸ್ಕ್ರೂ ಬಿಗಿದು ಆಮೇಲೆ ಕೆಳಗಿನದು. ಎರಡಕ್ಕೂ ಹೊಸ ವಾಷರ್.