ಮುಂಗಾಲು ಕುಂಟುತ್ತಿರುವ ಕುದುರೆ: ಗಿಣ್ಣಿಗೆ ಇಂಜೆಕ್ಷನ್ ಹಾಕಿಸಲೇ, ಕಾಯಲೇ?

ತೋಟದ ಸವಾರ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಕೆಂಪಿಗೆ ಒಂಬತ್ತು ವರ್ಷ. ಥರೋಬ್ರೆಡ್ ಹೆಣ್ಣು ಕುದುರೆ. ತೂಕ ಸುಮಾರು 450 ಕೆಜಿ. ರೇಸ್ ಬಿಟ್ಟ ಮೇಲೆ ನಮ್ಮ ತೋಟಕ್ಕೆ ಬಂದು ಮೂರು ವರ್ಷ ಆಯಿತು. ಒಂದು ತಿಂಗಳಿಂದ ಎಡ ಮುಂಗಾಲು ಕುಂಟುತ್ತಿದೆ. ನಡೆಸಿದರೆ ಅಷ್ಟಾಗಿ ಗೊತ್ತಾಗುವುದಿಲ್ಲ. ಟ್ರಾಟ್ (ಕುದುರೆಯ ನಿಧಾನದ ಓಟ) ಮಾಡಿಸಿದರೆ, ಅದರಲ್ಲೂ ಡಾಂಬರು ರಸ್ತೆಯಲ್ಲಿ, ತಲೆ ಎತ್ತಿ ಎತ್ತಿ ಹಾಕುತ್ತದೆ. ಎಡಕ್ಕೆ ಸುತ್ತು ಹಾಕಿಸಿದರೆ ಇನ್ನೂ ಜಾಸ್ತಿ.

ಅದೇ ಕಾಲಿನ ಫೆಟ್‌ಲಾಕ್ ಗಿಣ್ಣಿನಲ್ಲಿ (ಗೊರಸಿನಿಂದ ಸ್ವಲ್ಪ ಮೇಲಿನ ಕೀಲು) ರೇಸಿನ ಕಾಲದ ಗಟ್ಟಿ ಊತ ಒಂದಿದೆ. ನೋಡಲು ಬಂದ ಡಾಕ್ಟರು ಅದನ್ನು ಮುಟ್ಟಿ ನೋಡಿ, ಕೀಲು ಸವೆದಿದೆ, ಗಿಣ್ಣಿನೊಳಗೆ ಸ್ಟೆರಾಯ್ಡ್ ಹಾಕೋಣ ಅಂದರು. ಎಕ್ಸ್‌ರೇ ತೆಗೆದಿಲ್ಲ. ಹಾಕಿಸಬಹುದಾ? ನನಗೆ ಸವಾರಿ ಮುಖ್ಯ ಅಲ್ಲ. ಅವಳಿಗೆ ನೋವು ಇರಬಾರದು, ಅಷ್ಟೇ.

ಹಸು ಸಾಕುವವ, ಮಂಡ್ಯ

ನಮ್ಮ ಹಸುಗಳಿಗೆ ಹಿಂದೆಲ್ಲ ನೋವಿಗೆ ಡೈಕ್ಲೋಫೆನಾಕ್ ಸೂಜಿ ಹಾಕಿಸುತ್ತಿದ್ದೆವು, ಎರಡೇ ದಿನಕ್ಕೆ ಎದ್ದು ಓಡಾಡುತ್ತಿದ್ದವು. ಮೆಡಿಕಲ್ ಶಾಪಿನಲ್ಲಿ ಕೇಳಿ ನೋಡಿ.

ಕುದುರೆ ಡಾಕ್ಟರಮ್ಮ

ಅಣ್ಣಾ, ದಯವಿಟ್ಟು ಅದನ್ನು ಯಾರಿಗೂ ಹೇಳಬೇಡಿ. ಪ್ರಾಣಿಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ನಮ್ಮ ದೇಶದಲ್ಲಿ 2006ರಲ್ಲೇ ನಿಷೇಧಿಸಿದ್ದಾರೆ. 2023ರಲ್ಲಿ ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್ ಕೂಡ ಹೋದವು. ಆ ಔಷಧ ಮೈಯಲ್ಲಿದ್ದ ಪ್ರಾಣಿ ಸತ್ತರೆ, ಅದನ್ನು ತಿಂದ ರಣಹದ್ದಿನ ಕಿಡ್ನಿ ಕೆಟ್ಟು ಸಾಯುತ್ತದೆ. ನಿಮ್ಮೂರಿನಿಂದ ರಾಮನಗರ ದೂರವೇನಿಲ್ಲ. ರಾಮದೇವರ ಬೆಟ್ಟದಲ್ಲಿ ಈಗ ಎಷ್ಟು ಹದ್ದು ಉಳಿದಿವೆ ಅಂತ ಒಮ್ಮೆ ಹೋಗಿ ನೋಡಿ ಬನ್ನಿ.

ಸವಾರರೇ, ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇಂಜೆಕ್ಷನ್ ಈಗಲೇ ಬೇಡ. ಸ್ಟೆರಾಯ್ಡ್ ಕೆಟ್ಟದ್ದು ಅಂತ ಅಲ್ಲ, ಸರಿಯಾದ ಕೀಲಿಗೆ ಬಿದ್ದರೆ ತುಂಬಾ ಒಳ್ಳೆಯ ಔಷಧ. ಆದರೆ ನೋವು ಎಲ್ಲಿದೆ ಅಂತ ಇನ್ನೂ ಯಾರೂ ಹುಡುಕಿಲ್ಲ. ಕುದುರೆಯ ಭಾರದಲ್ಲಿ ಶೇಕಡ 60ರಷ್ಟು ಮುಂಗಾಲುಗಳ ಮೇಲೆ ಇರುತ್ತದೆ. ಮುಂಗಾಲು ಕುಂಟಿದಾಗ ಬಹಳಷ್ಟು ಸಲ ಕಾರಣ ಗೊರಸಿನೊಳಗೇ ಸಿಗುತ್ತದೆ. ಕಣ್ಣಿಗೆ ಕಾಣುವ ಊತ ಹಳೆಯದಿರಬಹುದು, ನೋವೇ ಇಲ್ಲದಿರಬಹುದು.

ಇವತ್ತು ಸಂಜೆ ಒಂದು ಕೆಲಸ ಮಾಡಿ. ಎರಡೂ ಗೊರಸಿನ ಮೇಲೆ ಅಂಗೈ ಇಟ್ಟು ಬಿಸಿ ಹೋಲಿಸಿ. ಆಮೇಲೆ ಫೆಟ್‌ಲಾಕಿನ ಹಿಂಬದಿ, ಹೊರಪಕ್ಕದಲ್ಲಿ ಎರಡು ಬೆರಳು ಇಟ್ಟು ನಾಡಿ ಹುಡುಕಿ. ಚೆನ್ನಾಗಿರುವ ಕಾಲಿನಲ್ಲಿ ಅದು ಸಿಗುವುದೇ ಕಷ್ಟ. ಟಕ್ ಟಕ್ ಅಂತ ಬೆರಳಿಗೆ ಹೊಡೆದರೆ ಗೊರಸಿನೊಳಗೆ ಏನೋ ಇದೆ ಅಂತ ಅರ್ಥ. ಕಾಲು ಊರಲೇ ಆಗದಷ್ಟು ನೋವು ಒಂದೇ ದಿನದಲ್ಲಿ ಬಂದಿದ್ದರೆ ಕೀವು ಕಟ್ಟಿದೆ ಅನ್ನುತ್ತಿದ್ದೆ. ನಿಮ್ಮದು ಹಾಗೆ ಕಾಣುವುದಿಲ್ಲ. ಲಾಳ ಹೊಡೆಸಿ ಎಷ್ಟು ದಿನ ಆಯಿತು? ಪಕ್ಕದಿಂದ ತೆಗೆದ ಫೋಟೋ ಹಾಕಿ. ಕ್ಯಾಮೆರಾ ನೆಲಕ್ಕೆ ತಾಗಿರಲಿ.

ತೋಟದ ಸವಾರ

ಬಿಸಿ ಇಲ್ಲ. ನಾಡಿ ಎಡಗಾಲಿನಲ್ಲಿ ಸಿಕ್ಕಿತು. ಬಲಗಾಲಿನಲ್ಲೂ ಸಿಕ್ಕಿತು, ಸ್ವಲ್ಪ ಕಡಿಮೆ. ಲಾಳ ಹೊಡೆಸಿ ಹತ್ತು ವಾರ ಆಗಿದೆ. ಹೊಡೆಯುವವರು ದೂರದಿಂದ ಬರಬೇಕು, ಎರಡು ಸಲ ತಪ್ಪಿಹೋಯಿತು. ಫೋಟೋ ಹಾಕಿದ್ದೇನೆ.

ಲಾಳದ ಕೆಲಸ

ಫೋಟೋ ನೋಡಿದೆ ಸರ್. ಹತ್ತು ವಾರ ತುಂಬಾ ಜಾಸ್ತಿ. ಗೊರಸು ತಿಂಗಳಿಗೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಐದಾರು ವಾರಕ್ಕೆ ಬಿಚ್ಚಿ ಕತ್ತರಿಸಲೇಬೇಕು. ಅವಳ ಗೊರಸಿನ ಮೂತಿ ಉದ್ದ ಬಂದಿದೆ, ಹಿಮ್ಮಡಿ ಕುಸಿದಿದೆ. ಪಾಸ್ಟರ್ನಿನ (ಫೆಟ್‌ಲಾಕಿಗೂ ಗೊರಸಿಗೂ ನಡುವಿನ ಭಾಗ) ಮುಂದಿನ ಗೆರೆಯೂ ಗೊರಸಿನ ಮುಂದಿನ ಗೆರೆಯೂ ಒಂದೇ ನೇರಕ್ಕೆ ಇಳಿಯಬೇಕು. ಇವಳದು ಗೊರಸಿನ ಹತ್ತಿರ ಬಂದು ಹಿಂದಕ್ಕೆ ಮುರಿದಿದೆ. ಪ್ರತಿ ಹೆಜ್ಜೆಗೂ ಹಿಂದಿನ ನರ ಎಳೆದು ಒಳಗಿನ ನಾವಿಕ್ಯುಲರ್ ಮೂಳೆಯನ್ನು ಒತ್ತುತ್ತದೆ. ಬಲಗಾಲೂ ಹಾಗೇ ಇದೆ, ನೋಡಿ.

ಕುದುರೆ ಡಾಕ್ಟರಮ್ಮ

ಸರಿಯಾಗಿ ಹೇಳಿದಿರಿ. ಅವರು ನರ ಅಂದದ್ದು ಗೊರಸನ್ನು ಹಿಂದಕ್ಕೆ ಮಡಿಸುವ ಟೆಂಡನ್. ಸವಾರರೇ, ನರ್ವ್ ಬ್ಲಾಕ್ ಮಾಡುವ ಕುದುರೆ ಡಾಕ್ಟರನ್ನು ಕರೆಸಿ. ಕೆಳಗಿನಿಂದ ಒಂದೊಂದೇ ಜಾಗ ಮರಗಟ್ಟಿಸುತ್ತಾ ಮೇಲಕ್ಕೆ ಹೋಗುತ್ತಾರೆ. ಎಲ್ಲಿ ಕುಂಟು ನಿಲ್ಲುತ್ತದೋ ಅಲ್ಲಿ ನೋವಿದೆ. ಅವರು ಬರುವ ದಿನ ನೋವಿನ ಔಷಧ ಕೊಡಬೇಡಿ. ಕೊಟ್ಟರೆ ಏನೂ ಗೊತ್ತಾಗುವುದಿಲ್ಲ.

ತೋಟದ ಸವಾರ (ಎಂಟು ದಿನದ ನಂತರ)

ನಿನ್ನೆ ಡಾಕ್ಟರು ಬಂದಿದ್ದರು. ನಾನು ಕಣ್ಣಾರೆ ನೋಡಿದ್ದನ್ನು ಬರೆಯುತ್ತೇನೆ, ಬೇರೆಯವರಿಗೂ ಉಪಯೋಗ ಆಗಬಹುದು.

ಮೊದಲು ಇಕ್ಕಳದಂಥ ಹೂಫ್ ಟೆಸ್ಟರ್‌ನಿಂದ ಗೊರಸು ಒತ್ತಿದರು. ಹಿಮ್ಮಡಿ ಹತ್ತಿರ ಒತ್ತಿದಾಗ ಕೆಂಪಿ ಕಾಲು ಎಳೆದುಕೊಂಡಳು. ಆಮೇಲೆ ಫೆಟ್‌ಲಾಕ್ ಗಿಣ್ಣನ್ನು ಒಂದು ನಿಮಿಷ ಮಡಿಸಿ ಹಿಡಿದು ಓಡಿಸಿದರು. ಕುಂಟು ಹೆಚ್ಚಾಗಲಿಲ್ಲ. ಎಡಗಾಲಿನ ಹಿಮ್ಮಡಿಗೆ ಬ್ಲಾಕ್ ಹಾಕಿ ಹತ್ತು ನಿಮಿಷ ಬಿಟ್ಟು ಮತ್ತೆ ಟ್ರಾಟ್ ಮಾಡಿಸಿದರು. ಎಡಗಾಲು ಪೂರ್ತಿ ಸರಿ. ಆದರೆ ಈಗ ಬಲಗಾಲು ಊರಿದಾಗ ತಲೆ ಮೇಲೆ ಹೋಗುತ್ತಿದೆ! ಕುದುರೆ ನೋಡಿಕೊಳ್ಳುವ ಸೈಸ್ ಹುಡುಗ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಎರಡೂ ಕಾಲು ನೋಯುತ್ತಿದ್ದವು. ಜಾಸ್ತಿ ನೋಯುವ ಕಾಲಿಗೆ ಮಾತ್ರ ಅವಳು ಕುಂಟುತ್ತಿದ್ದಳು. ಅದು ಗೊತ್ತಾದಾಗ ನನಗೆ ತುಂಬಾ ಸಂಕಟವಾಯಿತು.

ಎಕ್ಸ್‌ರೇಯಲ್ಲಿ ಫೆಟ್‌ಲಾಕ್ ಊತ ಹಳೆಯದು, ಅಂಚು ನುಣುಪಾಗಿದೆ. ಗೊರಸಿನೊಳಗಿನ ಕಾಫಿನ್ ಕೀಲಿನಲ್ಲಿ ಎಡಗಡೆ ಸಣ್ಣ ಮೂಳೆ ಮುಳ್ಳು ಬಂದಿದೆ. ನಾವಿಕ್ಯುಲರ್ ಮೂಳೆ ಸದ್ಯಕ್ಕೆ ಚೆನ್ನಾಗಿದೆ.

ಕುದುರೆ ಡಾಕ್ಟರಮ್ಮ

ಹಿಮ್ಮಡಿ ಬ್ಲಾಕ್ ಕಾಫಿನ್ ಕೀಲಿನ ನೋವನ್ನೂ ತೆಗೆಯುತ್ತದೆ, ಹಾಗಾಗಿ ಲೆಕ್ಕ ಸರಿಹೋಗುತ್ತದೆ. ಮೊದಲು ಲಾಳ. ಮೂತಿ ಹಿಂದಕ್ಕೆ ತಂದು, ಮುಂದಿನ ಅಂಚು ದುಂಡು ಮಾಡಿ, ಹಿಮ್ಮಡಿಗೆ ಆಸರೆ ಕೊಡಲಿ. ಆಮೇಲೂ ನೋವು ಉಳಿದರೆ ಕಾಫಿನ್ ಕೀಲಿಗೆ ಟ್ರಯಾಮ್ಸಿನೊಲೋನ್ ಅನ್ನುವ ಸ್ಟೆರಾಯ್ಡ್ ಜೊತೆ ಕೀಲಿಗೆ ಜಾರಿಕೆ ಕೊಡುವ ಹಯಲುರಾನಿಕ್ ಆಮ್ಲ ಹಾಕಿಸಬಹುದು. ಮೈ ಬಂದಿರುವ, ಹಿಂದೆ ಲ್ಯಾಮಿನೈಟಿಸ್ (ಗೊರಸಿನೊಳಗಿನ ಪದರದ ಉರಿಯೂತ) ಆಗಿರುವ ಕುದುರೆಯಾದರೆ ಸ್ಟೆರಾಯ್ಡಿಗೆ ಮುಂಚೆ ಡಾಕ್ಟರಿಗೆ ಹೇಳಲೇಬೇಕು. ಹಾಕಿಸಿದ ಮೇಲೆ ಕೀಲು ಊದಿ, ಜ್ವರ ಬಂದು, ಕುಂಟು ಜೋರಾದರೆ ಬೆಳಗಾಗುವವರೆಗೆ ಕಾಯಬೇಡಿ, ಆ ರಾತ್ರಿಯೇ ಫೋನ್ ಮಾಡಿ. ಕೀಲಿಗೆ ಸೋಂಕು ತಗುಲಿದರೆ ಕುದುರೆ ಕೈತಪ್ಪುತ್ತದೆ.

ನೋವಿಗೆ ಬ್ಯೂಟ್ (ಫಿನೈಲ್‌ಬ್ಯುಟಜೋನ್) ಪುಡಿ ಬರೆದುಕೊಟ್ಟಿದ್ದರೆ ಹೇಳಿದಷ್ಟೇ ದಿನ ಕೊಡಿ. ಅದರ ಜೊತೆಗೆ ಫ್ಲುನಿಕ್ಸಿನ್ ಅಥವಾ ಮೆಲಾಕ್ಸಿಕಾಮ್‌ನಂಥ ಇನ್ನೊಂದು ನೋವಿನ ಔಷಧ ಸೇರಿಸಬೇಡಿ. ಹೊಟ್ಟೆ ಹುಣ್ಣಾಗುತ್ತದೆ, ಕಿಡ್ನಿಗೂ ಪೆಟ್ಟು.

ತೋಟದ ಸವಾರ (ಏಳು ವಾರದ ನಂತರ)

ಹೊಸ ಲಾಳದಿಂದಲೇ ಬಲಗಾಲು ಸರಿಹೋಯಿತು. ಎಡಗಾಲು ಮುಕ್ಕಾಲು ಪಾಲು. ಮೂರನೇ ವಾರ ಕಾಫಿನ್ ಕೀಲಿಗೆ ಇಂಜೆಕ್ಷನ್ ಆಯಿತು. ಎರಡು ದಿನ ಲಾಯದಲ್ಲೇ ಇದ್ದಳು. ಆಮೇಲೆ ಹಗ್ಗ ಹಿಡಿದು ಮಣ್ಣಿನ ದಾರಿಯಲ್ಲಿ ದಿನಾ ಇಪ್ಪತ್ತು ನಿಮಿಷ ನಡೆಸಿದೆವು. ಈಗ ಟ್ರಾಟಿನಲ್ಲಿ ತಲೆ ನೆಟ್ಟಗಿದೆ. ಗಟ್ಟಿ ನೆಲದಲ್ಲಿ ಎಡಕ್ಕೆ ಸುತ್ತಿದರೆ ಮಾತ್ರ ಒಂಚೂರು ಕಾಣುತ್ತದೆ. ಡಾಂಬರಿಗೆ ಇಳಿಸುವುದನ್ನು ನಿಲ್ಲಿಸಿದ್ದೇವೆ. ಮೊನ್ನೆ ಎರಡನೇ ಸಲ ಲಾಳ ಬದಲಾಯಿತು, ಸರಿಯಾಗಿ 37ನೇ ದಿನಕ್ಕೆ.

ಲಾಳದ ಕೆಲಸ

ಬಿಚ್ಚಿದ ಹಳೆ ಲಾಳ ಎಸೆದಿಲ್ಲ ಅಲ್ವಾ ಸರ್? ಎರಡನ್ನೂ ಪಕ್ಕಪಕ್ಕ ಇಟ್ಟು ತಳದ ಫೋಟೋ ಹಾಕಿ. ಎಲ್ಲಿ ಜಾಸ್ತಿ ಸವೆದಿದೆ ನೋಡಿದರೆ ಎಡಗಾಲನ್ನು ಈಗ ಹೇಗೆ ಊರುತ್ತಿದ್ದಾಳೆ ಅಂತ ಹೇಳಬಹುದು.