ಗೀಸರ್ ಹಾಕಿದರೆ ಮೇನ್ ಎಂಸಿಬಿ ಬೀಳುತ್ತಿದೆ: ಲೋಡ್ ಬ್ಯಾಲೆನ್ಸಿಂಗ್ ಇರುವ ಕಾರ್ ಚಾರ್ಜರ್ ಹೇಗೆ ಆರಿಸಲಿ?

ಪ್ರಶ್ನೆ (ತುಮಕೂರು)

ಸಿಂಗಲ್ ಫೇಸ್ ಮನೆ, ಮಂಜೂರಾದ ಲೋಡ್ 5 ಕಿಲೋವ್ಯಾಟ್, ಮೇನ್ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಕರೆಂಟ್ ಕಡಿಯುವ ಸ್ವಿಚ್) 32 ಆಂಪ್. ಕಾರಿಗೆ 7.2 ಕಿಲೋವ್ಯಾಟ್ ಚಾರ್ಜರ್ ಇದೆ. ರಾತ್ರಿ ಪಾಳಿ ಮುಗಿಸಿ ಬಂದು ಬೆಳಿಗ್ಗೆ 6ಕ್ಕೆ ಚಾರ್ಜಿಗೆ ಹಾಕುತ್ತೇನೆ. ಅದೇ ಹೊತ್ತಿಗೆ ಅಮ್ಮ 3 ಕಿಲೋವ್ಯಾಟ್ ಗೀಸರ್ ಹಾಕುತ್ತಾರೆ. ತಕ್ಷಣ ಏನೂ ಆಗುವುದಿಲ್ಲ, ಹತ್ತು-ಹದಿನೈದು ನಿಮಿಷಕ್ಕೆ ಮನೆಯಿಡೀ ಕರೆಂಟ್ ಹೋಗುತ್ತದೆ. ಎಲೆಕ್ಟ್ರಿಷಿಯನ್ 40 ಆಂಪ್ ಎಂಸಿಬಿ ಹಾಕೋಣ ಅಂತಾರೆ. ದಿನಕ್ಕೆ 40 ಕಿ.ಮೀ. ಓಡಾಟ. ಡೈನಾಮಿಕ್ ಲೋಡ್ ಬ್ಯಾಲೆನ್ಸಿಂಗ್ ಚಾರ್ಜರ್ ತಂದರೆ ಸರಿಹೋಗುತ್ತದಾ?

ಉತ್ತರ

ಸರ್, ದಯವಿಟ್ಟು ಎಂಸಿಬಿ ದೊಡ್ಡದು ಮಾಡಿಸಬೇಡಿ. ಅದು ಕಾಪಾಡುತ್ತಿರುವುದು ಗೋಡೆಯೊಳಗಿನ ವೈರನ್ನು. ಚಾರ್ಜರ್ 32, ಗೀಸರ್ 13, ಫ್ರಿಜ್ಜು ಫ್ಯಾನು 2, ಒಟ್ಟು 47 ಆಂಪ್. ಎಂಸಿಬಿ ತನ್ನ ಅಳತೆಯ ಒಂದೂವರೆ ಪಟ್ಟಿನ ಹತ್ತಿರ ಕರೆಂಟ್ ಹರಿದರೆ ನಿಧಾನವಾಗಿ ಬಿಸಿಯಾಗಿ ಬೀಳುತ್ತದೆ. ನಿಮ್ಮಲ್ಲಿ ತಡವಾಗಿ ಬೀಳುವುದು ಅದಕ್ಕೇ.

ಹೌದು, ನೀವು ಹೇಳಿದ ಚಾರ್ಜರ್ ಇದಕ್ಕೆ ಮದ್ದು. ಮೇನ್ ಫೇಸ್ ವೈರಿಗೆ ಹಾಕಿದ ಸಿಟಿ ಕ್ಲ್ಯಾಂಪ್ (ವೈರಿನ ಸುತ್ತ ಕೂರುವ, ಕರೆಂಟ್ ಅಳೆಯುವ ಸೆನ್ಸರ್) ಮನೆಯ ಒಟ್ಟು ಬಳಕೆ ಅಳೆಯುತ್ತದೆ, ಉಳಿದಷ್ಟನ್ನೇ ಚಾರ್ಜರ್ ಕಾರಿಗೆ ಕೊಡುತ್ತದೆ. ಆದರೆ ಮಿತಿಯನ್ನು 32ಕ್ಕೆ ಇಡುವಂತಿಲ್ಲ. ನಿಮಗೆ ಮಂಜೂರಾದ 5 ಕಿಲೋವ್ಯಾಟ್ ಅಂದರೆ ಸುಮಾರು 22 ಆಂಪ್, 20ಕ್ಕೆ ಇಡಿ. ಆಗ ಗೀಸರ್ ಉರಿಯುವಾಗ ಕಾರಿಗೆ ಉಳಿಯುವುದು 5. ಎಸಿ ಚಾರ್ಜಿಂಗಿನ ಮಾನದಂಡದಲ್ಲಿ ಕನಿಷ್ಠ 6 ಆಂಪ್. ಹಾಗಾಗಿ ಚಾರ್ಜಿಂಗ್ ನಿಂತು, ಗೀಸರ್ ಆರಿದ ಮೇಲೆ ಮತ್ತೆ ಶುರುವಾಗುತ್ತದೆ. ಕೆಲವು ಕಾರುಗಳು ಹಾಗೆ ನಿಂತರೆ ತಾವಾಗಿ ಶುರುವಾಗುವುದಿಲ್ಲ, ನಿಮ್ಮದನ್ನು ಮೊದಲೇ ಪರೀಕ್ಷಿಸಿ. ಬೆಸ್ಕಾಂಗೆ ಅರ್ಜಿ ಹಾಕಿ ಲೋಡ್ ಹೆಚ್ಚಿಸಿಕೊಳ್ಳುವುದೇ ಒಳ್ಳೆಯದು ಅನ್ನುತ್ತೇನೆ.

ಅಂಗಡಿಯಲ್ಲಿ ಇದನ್ನು ಕೇಳದೆ ದುಡ್ಡು ಕೊಡಬೇಡಿ: ಕ್ಲ್ಯಾಂಪಿನ ಸಂಪರ್ಕ ತಪ್ಪಿದರೆ ಚಾರ್ಜರ್ ಏನು ಮಾಡುತ್ತದೆ? 6 ಆಂಪಿಗೆ ಇಳಿಯಬೇಕು, ಇಲ್ಲವೇ ನಿಲ್ಲಬೇಕು. 32ರಲ್ಲೇ ಓಡುತ್ತಿದ್ದರೆ ಅದು ಬೇಡ. ವೈಫೈ ಇಲ್ಲದಾಗಲೂ ಬ್ಯಾಲೆನ್ಸಿಂಗ್ ನಡೆಯಬೇಕು. ಮೀಟರ್ ಗೇಟಿನ ಹತ್ತಿರ, ಚಾರ್ಜರ್ ಪೋರ್ಟಿಕೋದಲ್ಲಿ ಇದ್ದರೆ ಕ್ಲ್ಯಾಂಪಿನ ಕೇಬಲ್ ಎಷ್ಟು ಉದ್ದ ಎಳೆಯಬಹುದು ಎಂದೂ ಕೇಳಿ.

ಅಲ್ಲಿಯವರೆಗೆ ಈಗಿನ ಚಾರ್ಜರಿನ ಆ್ಯಪಿನಲ್ಲಿ 6 ಆಂಪಿಗೆ ಇಳಿಸಲು ಬಂದರೆ ಇಳಿಸಿ. ನಿಮ್ಮ 40 ಕಿ.ಮೀ.ಗೆ ಸುಮಾರು 6 ಯೂನಿಟ್ ಸಾಕು, ನಾಲ್ಕೂವರೆ ಗಂಟೆಯಲ್ಲಿ ತುಂಬುತ್ತದೆ. ನೀವು ಮಲಗಿ ಏಳುವಷ್ಟರಲ್ಲಿ ಆಗಿರುತ್ತದೆ.

ಇನ್ನೊಂದು ಉತ್ತರ

ಮನೆ ಮೇಲೆ ಸೋಲಾರ್ ಇದ್ದರೆ, ಕರೆಂಟ್ ಯಾವ ದಿಕ್ಕಿಗೆ ಹರಿಯುತ್ತಿದೆ ಎಂದು ತಿಳಿಯುವ ಎನರ್ಜಿ ಮೀಟರ್ ಇರುವ ಚಾರ್ಜರನ್ನೇ ತಗೊಳ್ಳಿ. ಬರಿ ಕ್ಲ್ಯಾಂಪ್ ಇದ್ದರೆ, ನೀವು ಹೊರಗೆ ಕಳಿಸುವ ಕರೆಂಟನ್ನೂ ಮನೆಯ ಬಳಕೆ ಅಂದುಕೊಂಡು ಚಾರ್ಜಿಂಗ್ ಕಡಿಮೆ ಮಾಡಬಹುದು.

ಪ್ರಶ್ನೆ ಕೇಳಿದವರು, ಮೂರು ವಾರದ ನಂತರ

ಹೊಸ ಚಾರ್ಜರ್ ಬಂತು, ಮಿತಿ 20ಕ್ಕೆ ಇಟ್ಟೆವು. ಆದರೂ ಮೊದಲ ದಿನ ಗೀಸರ್ ಹಾಕಿದಾಗ ಚಾರ್ಜಿಂಗ್ ನಿಲ್ಲಲೇ ಇಲ್ಲ! ಆ್ಯಪಿನಲ್ಲಿ ಮನೆಯ ಬಳಕೆ ಸದಾ 0 ತೋರಿಸುತ್ತಿತ್ತು.

ಉತ್ತರ

ಕ್ಲ್ಯಾಂಪಿನೊಳಗೆ ಫೇಸ್, ನ್ಯೂಟ್ರಲ್ ಎರಡೂ ಹೋಗಿವೆಯಾ ನೋಡಿ. ಹೋಗುವ ಕರೆಂಟೂ ಬರುವ ಕರೆಂಟೂ ಒಂದನ್ನೊಂದು ಕಳೆದುಕೊಂಡು ಸೊನ್ನೆಯಾಗುತ್ತದೆ. ಮೇನ್ ಆಫ್ ಮಾಡಿಸಿ, ಎಲೆಕ್ಟ್ರಿಷಿಯನ್ ಕೈಲೇ ಸರಿಮಾಡಿಸಿ.

ಪ್ರಶ್ನೆ ಕೇಳಿದವರು

ಅದೇ ಆಗಿತ್ತು ಸರ್. ಈಗ ಫೇಸ್ ಒಂದೇ ಇದೆ. ಇವತ್ತು ಗೀಸರ್ ಹಾಕಿದಾಗ ಚಾರ್ಜಿಂಗ್ ನಿಂತಿತು, ಆರಿದ ಮೇಲೆ ತಾನೇ ಶುರುವಾಯಿತು. ಲೋಡ್ ಹೆಚ್ಚಿಸಲು ಅರ್ಜಿಯನ್ನೂ ಕೊಟ್ಟಿದ್ದೇನೆ.