ಕರೆಂಟಿಲ್ಲದ ಕಾಡುಮನೆಗೆ ಬರೀ ಸೋಲಾರ್ ಸಾಕಾ?

ಘಟ್ಟದ ಹುಡುಗ:
ದೇವಿಮನೆ ಘಟ್ಟದ ಹತ್ತಿರ ಅಜ್ಜನ ಹಳೇ ಮನೆ ಇದೆ. ಲೈನು ಕಂಬ ಎರಡು ಕಿಲೋಮೀಟರ್ ಆಚೆಗೇ ನಿಂತಿದೆ. ಬೆಂಗಳೂರು ಬಿಟ್ಟು ಅಲ್ಲೇ ಇರೋಣ ಅಂತಿದ್ದೇನೆ. ಅಲಾಸ್ಕಾದ ಹಿಮದಲ್ಲಿ ಮರದ ಮನೆ ಕಟ್ಟಿಕೊಂಡು ಒಬ್ಬರೇ ಇರುವವರ ವಿಡಿಯೋ ನೋಡಿ ನೋಡಿ ತಲೆ ಕೆಟ್ಟಿದೆ ಅಂತ ಅಮ್ಮ ಬೈಯುತ್ತಾಳೆ. 1 ಕಿಲೋವ್ಯಾಟ್ ಪ್ಯಾನೆಲ್, 150 ಎಎಚ್‌ನ ಎರಡು ಬ್ಯಾಟರಿ ಹಾಕಿದರೆ ವರ್ಷವಿಡೀ ಸಾಕಾ? ಹಿಂದೆ ಗುಡ್ಡದಿಂದ ಇಳಿಯುವ ಅಬ್ಬಿ ನೀರೂ ಇದೆ.

ಬೆಟ್ಟದಂಚಿನ ಅತ್ತಿಗೆ:
ತಮಾ, ಅಬ್ಬಿ ನೀರಿನ ಸುದ್ದಿ ಮೊದಲು ಹೇಳಬೇಕಿತ್ತು! ನಾವು ಹನ್ನೊಂದು ವರ್ಷದಿಂದ ಲೈನಿಲ್ಲದೆ ಇದ್ದೇವೆ. ಮೊದಲ ಮಳೆಗಾಲ ಬರೀ ಸೋಲಾರ್ ನಂಬಿ ಕೂತು, ಜುಲೈ ಪೂರ್ತಿ ಚಿಮಣಿ ದೀಪದಲ್ಲಿ ದೋಸೆ ಎರೆದೆ.

ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿ ಡಿಸೆಂಬರ್ ಕೊನೆಗೆ ಹಗಲು ನಾಲ್ಕು ತಾಸೂ ಇರುವುದಿಲ್ಲ. ಅವರಿಗೆ ಆಗ ಕತ್ತಲೆ, ನಮಗೆ ಆಷಾಢದಲ್ಲಿ. ಆದರೆ ಅವರ ಕತ್ತಲೆಗಾಲದಲ್ಲಿ ಹಳ್ಳ ಹೆಪ್ಪುಗಟ್ಟುತ್ತದೆ, ನಮ್ಮ ಕತ್ತಲೆಗಾಲದಲ್ಲೇ ಹಳ್ಳ ಸೊಕ್ಕಿ ಹರಿಯುತ್ತದೆ. ಹಾಗಾಗಿ ಮಳೆಗೆ ಸಣ್ಣ ಟರ್ಬೈನ್, ಅಂದರೆ ನೀರು ಬಿದ್ದು ತಿರುಗಿ ಕರೆಂಟು ಕೊಡುವ ಚಕ್ರ; ಬೇಸಿಗೆಗೆ ಪ್ಯಾನೆಲ್. ಶಿವರಾತ್ರಿ ಹೊತ್ತಿಗೆ ನಮ್ಮ ಹಳ್ಳ ಸೊರಗುತ್ತದೆ, ಅಷ್ಟರಲ್ಲಿ ಬಿಸಿಲು ಬಂದಿರುತ್ತದೆ.

ಲೆಕ್ಕ ಸುಲಭ. ನೀರು ಬೀಳುವ ಎತ್ತರ 20 ಮೀಟರ್, ಸೆಕೆಂಡಿಗೆ 5 ಲೀಟರ್ ನೀರು ಅಂದರೆ 20×5×9.8, ಸುಮಾರು 980 ವ್ಯಾಟ್. ಪೈಪು, ಚಕ್ರ ತಿಂದು ಅರ್ಧ ಕೈಗೆ ಬಂದೀತು. ಅದು ಹಗಲೂ ರಾತ್ರಿ ಬರುತ್ತದೆ, ಅದೇ ಮಜಾ.

ಕಷ್ಟವೂ ಕೇಳು. ರಾತ್ರಿ ಬಲ್ಬು ಮಂಕಾದರೆ ಮೇಲೆ ಪೈಪಿನ ಬಾಯಿಗೆ ಕಟ್ಟಿದ ಜಾಲರಿಗೆ ದರಕು (ಒಣಗಿದ ಎಲೆ) ಬಂದು ಕೂತಿದೆ ಅಂತ ಅರ್ಥ. ಕಂಬಳಿ ಕೊಪ್ಪೆ ಹಾಕಿ, ಟಾರ್ಚ್ ಹಿಡಿದು ಹತ್ತಬೇಕು. ವಾಪಸು ಬರುವಾಗ ಕಾಲಿಗೆ ಉಂಬಳ ಲೆಕ್ಕವಿಲ್ಲ. ಇನ್ನೊಂದು, ಹೊಸದರಲ್ಲಿ ನಮ್ಮನೆಯವರು ಮಲಗುವಾಗ ಒಂದೊಂದೇ ಬಲ್ಬು ಆರಿಸುತ್ತಾ ಬಂದರು. ಉಳಿದ ಕೊನೇದು ಬೆಳ್ಳಗೆ ಉರಿದು ಟಪ್ ಅಂತ ಹೋಯಿತು. ಎಲ್ಲ ಆರಿಸಿದರೆ ವೋಲ್ಟೇಜ್ ಏರುತ್ತದೆ. ಈಗ ಕಂಟ್ರೋಲರ್ ಇದೆ, ಹೆಚ್ಚಿನ ಕರೆಂಟು ಬಚ್ಚಲ ನೀರು ಕಾಯಿಸುವ ಕಾಯಿಲ್‌ಗೆ ಹೋಗುತ್ತದೆ. ಅದಕ್ಕೂ ಮೊದಲು ಬೆಳತನಕ ದೀಪ ಉರಿಸಿಟ್ಟು, ಮದುವೆ ಮನೆಯಾ ಅಂತ ಕೇಳಿಸಿಕೊಂಡಿದ್ದೇವೆ.

ಕಾರವಾರ ವೈರಿಂಗ್:
ಅತ್ತಿಗೆ ಹೇಳಿದ್ದು ಸರಿ. 12 ವೋಲ್ಟಿನವಾದರೆ ನಿಮ್ಮ ಎರಡು ಬ್ಯಾಟರಿಯಲ್ಲಿ ಹೇಳೋಕೆ 12×150×2, ಅಂದರೆ 3.6 ಯೂನಿಟ್. ಆ್ಯಸಿಡ್ ಬ್ಯಾಟರಿ ಆದರೆ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಬೇಡಿ, ಬೇಗ ಸಾಯುತ್ತದೆ. ಅಲ್ಲಿಗೆ 1.8 ಯೂನಿಟ್. ಬಲ್ಬು, ಫೋನು, ಲ್ಯಾಪ್‌ಟಾಪ್‌ಗೆ ಸಾಕು. ಮಿಕ್ಸಿ ಎರಡು ನಿಮಿಷ ಓಡಲಿ, ಆದರೆ ಇಸ್ತ್ರಿ ಪೆಟ್ಟಿಗೆ ಬೆಂಗಳೂರಲ್ಲೇ ಬಿಟ್ಟು ಬನ್ನಿ. ಬ್ಯಾಟರಿ ಅಡುಗೆ ಮನೆಯಲ್ಲಿ ಇಡಬೇಡಿ, ಚಾರ್ಜ್ ಆಗುವಾಗ ಬೆಂಕಿ ಹತ್ತುವ ಗ್ಯಾಸ್ ಬಿಡುತ್ತದೆ. ಗಾಳಿಯಾಡುವ ಜಗುಲಿ ಮೂಲೆ ಒಳ್ಳೆಯದು.

ಘಟ್ಟದ ಹುಡುಗ:
ಅತ್ತಿಗೇ, ಇವತ್ತೇ ಹೋಗಿ ಅಳೆದೆ. 20 ಲೀಟರ್ ಬಕೆಟ್ ನಾಲ್ಕೇ ಸೆಕೆಂಡಿಗೆ ತುಂಬಿತು! ಟರ್ಬೈನ್ ಆರ್ಡರ್ ಮಾಡಲಾ?

ಬೆಟ್ಟದಂಚಿನ ಅತ್ತಿಗೆ:
ಈಗ ಹೊರಗೆ ಹೊಯ್ಯುತ್ತಿರುವ ಮಳೆ ನೋಡಿದೆಯಾ? ಈ ಲೆಕ್ಕ ಬೇಡ. ದೀಪಾವಳಿ ಕಳೆಯಲಿ, ಅದೇ ಬಕೆಟ್ ಇನ್ನೊಮ್ಮೆ ಹಿಡಿ.